ರಿಚರ್ಡ್ ಲೂಗರ್: ಎದುರು ಪಕ್ಷವನ್ನು ಜೊತೆಗಿಟ್ಟುಕೊಂಡು ಕಾನೂನು ಮಾಡಿದ ಸೆನೆಟರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ರಾಜಕೀಯದ ಮಾತು ಬಂದಾಗಲೆಲ್ಲ ನಾನು ರಿಚರ್ಡ್ ಲೂಗರ್ ಅವರ ಹೆಸರು ಎತ್ತುತ್ತೇನೆ. ಎತ್ತಿದಾಗಲೆಲ್ಲ ಗೆಳೆಯರು, ವಿದ್ಯಾರ್ಥಿಗಳು, ಪತ್ರ ಬರೆಯುವ ಓದುಗರು ಹೆಚ್ಚುಕಡಿಮೆ ಅವೇ ಪ್ರಶ್ನೆಗಳನ್ನು ಕೇಳುತ್ತಾರೆ. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟುಗೂಡಿಸಿದ್ದೇನೆ. ಹೊಸಬರು ಮೊದಲಿನಿಂದ ಓದಬಹುದು. ವಿಷಯ ಗೊತ್ತಿದ್ದವರು ನೇರವಾಗಿ ಮೂರನೆಯ ಭಾಗಕ್ಕೆ ಹೋದರೂ ಸರಿಯೇ.

## ಮೊದಲ ಪರಿಚಯ

ಈ ರಿಚರ್ಡ್ ಲೂಗರ್ ಯಾರು? ನಾನು ಹೆಸರೇ ಕೇಳಿಲ್ಲವಲ್ಲ!

ಇಂಡಿಯಾನಾ ರಾಜ್ಯದಿಂದ ಆರು ಬಾರಿ ಆಯ್ಕೆಯಾಗಿ, 1977ರಿಂದ 2013ರವರೆಗೆ 36 ವರ್ಷ ಅಮೆರಿಕದ ಸೆನೆಟ್‌ನಲ್ಲಿದ್ದ ರಿಪಬ್ಲಿಕನ್ ಪಕ್ಷದ ಸದಸ್ಯರು. ಹುಟ್ಟಿದ್ದು 1932ರಲ್ಲಿ ಇಂಡಿಯಾನಾಪೊಲಿಸ್ ನಗರದಲ್ಲಿ, ತೀರಿಕೊಂಡಿದ್ದು 2019ರ ಏಪ್ರಿಲ್‌ನಲ್ಲಿ. ಎರಡು ಅವಧಿಗೆ ಸೆನೆಟ್‌ನ ವಿದೇಶಾಂಗ ವ್ಯವಹಾರಗಳ ಸಮಿತಿಯ ಅಧ್ಯಕ್ಷರಾಗಿದ್ದರು. ನಡುವೆ ಕೃಷಿ ಸಮಿತಿಯ ಅಧ್ಯಕ್ಷತೆಯನ್ನೂ ವಹಿಸಿದ್ದರು.

ಅವರ ಹೆಸರು ನಮ್ಮ ಕಿವಿಗೆ ಬೀಳದಿರಲು ಕಾರಣವಿದೆ. ಅವರು ಗಟ್ಟಿ ಗಂಟಲಿನ ಭಾಷಣಕಾರರಲ್ಲ, ದೇಶದ ಅಧ್ಯಕ್ಷರೂ ಆಗಲಿಲ್ಲ. ಆದರೆ ಸೋವಿಯತ್ ಒಕ್ಕೂಟ ಒಡೆದುಹೋದ ಮೇಲೆ 7,600ಕ್ಕೂ ಹೆಚ್ಚು ಅಣ್ವಸ್ತ್ರ ಸಿಡಿತಲೆಗಳು ನಿಷ್ಕ್ರಿಯವಾದದ್ದು ಅವರ ಹೆಸರಿನ ಕಾನೂನಿನಿಂದ. ಭೂಮಿಯ ಮೇಲೆ ಬದುಕುತ್ತಿರುವ ಪ್ರತಿಯೊಬ್ಬರಿಗೂ, ಈ ಸಾಲುಗಳನ್ನು ಓದುತ್ತಿರುವ ನಿಮಗೂ, ಸಂಬಂಧಪಟ್ಟ ಕೆಲಸ ಅದು.

ರಾಜಕೀಯಕ್ಕೆ ಹೇಗೆ ಬಂದರು? ಮೊದಲು ಮೇಯರ್ ಆಗಿದ್ದರಂತೆ?

ಹೌದು. ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡ್‌ನಲ್ಲಿ ಓದಿದರು. ನೌಕಾಪಡೆಯಲ್ಲಿದ್ದಾಗ ಅದರ ಮುಖ್ಯಸ್ಥ ಅಡ್ಮಿರಲ್ ಆರ್ಲಿ ಬರ್ಕ್ ಅವರಿಗೆ ಗುಪ್ತಚರ ಮಾಹಿತಿಯನ್ನು ವಿವರಿಸುವ ಕೆಲಸ ಮಾಡಿದರು. ಆಮೇಲೆ ಊರಿಗೆ ಮರಳಿ ಮನೆಯವರ ಜಮೀನು ಮತ್ತು ಬಿಸ್ಕತ್ತು ಯಂತ್ರಗಳ ಕಾರ್ಖಾನೆಯನ್ನು ನೋಡಿಕೊಂಡರು. 1964ರಲ್ಲಿ ಇಂಡಿಯಾನಾಪೊಲಿಸ್ ಶಾಲಾ ಮಂಡಳಿಗೆ ಆಯ್ಕೆಯಾದರು, 1968ರಲ್ಲಿ ಮೇಯರ್ ಆದರು.

ಮೇಯರ್ ಆಗಿ ಮಾಡಿದ ದೊಡ್ಡ ಕೆಲಸವೆಂದರೆ 1970ರಲ್ಲಿ ನಗರವನ್ನೂ ಸುತ್ತಲಿನ ಮೇರಿಯನ್ ಕೌಂಟಿಯನ್ನೂ ಒಂದೇ ಆಡಳಿತದ ಕೆಳಗೆ ತಂದದ್ದು. ‘ಯೂನಿಗವ್’ ಎಂದು ಅದನ್ನು ಕರೆದರು. ಇದರಿಂದ ನಗರದ ಜನಸಂಖ್ಯೆ 1960ರ ಸುಮಾರು 4.76 ಲಕ್ಷದಿಂದ 7.4 ಲಕ್ಷ ದಾಟಿತು, ತೆರಿಗೆಯ ಬುನಾದಿಯೂ ಹಿಗ್ಗಿತು. ಆದರೆ ಶಾಲೆಗಳನ್ನು ಈ ವಿಲೀನದಿಂದ ಹೊರಗಿಟ್ಟರು. ಹೊರವಲಯದ ಬಿಳಿಯರ ಮತಗಳು ನಗರಕ್ಕೆ ಸೇರಿಕೊಂಡು ಕಪ್ಪು ಜನರ ಮತದ ತೂಕ ಇಳಿಯಿತು. ಇದು ಲೂಗರ್ ಅವರ ಮೇಲಿರುವ ನ್ಯಾಯವಾದ ಆಕ್ಷೇಪ. ಅವರನ್ನು ಮೆಚ್ಚುವವರು ಇದನ್ನು ಮುಚ್ಚಿಡಬಾರದು.

ಅಧ್ಯಕ್ಷ ನಿಕ್ಸನ್ ಅವರ ಮೆಚ್ಚಿನ ಮೇಯರ್ ಎಂಬ ಹೆಸರೂ ಅವರಿಗಿತ್ತು. ವಾಟರ್‌ಗೇಟ್ ಹಗರಣದ ವರ್ಷವಾದ 1974ರಲ್ಲಿ ಅದೇ ಹೆಸರು ಮುಳುವಾಯಿತು. ಸೆನೆಟ್ ಚುನಾವಣೆಯಲ್ಲಿ ಬರ್ಚ್ ಬಾಯ್ ಎದುರು ಸೋತರು. ಎರಡು ವರ್ಷದ ನಂತರ ವ್ಯಾನ್ಸ್ ಹಾರ್ಟ್‌ಕಿ ಅವರನ್ನು ಸೋಲಿಸಿ ಸೆನೆಟ್ ಪ್ರವೇಶಿಸಿದರು.

ಎರಡೂ ಪಕ್ಷಕ್ಕೆ ಬೇಕಾದವರು ಎಂದರೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ ಎನ್ನುವ ಮನುಷ್ಯರೇ?

ಅಲ್ಲ. ಇಲ್ಲಿ ಕನ್ನಡದ ಎರಡು ಪದಗಳನ್ನು ಬೇರೆಬೇರೆಯಾಗಿ ಹಿಡಿಯಬೇಕು. ‘ಪಕ್ಷಾತೀತ’ ಎಂದರೆ ಪಕ್ಷವನ್ನು ಮೀರಿದ್ದು. ‘ಉಭಯಪಕ್ಷೀಯ’ ಎಂದರೆ ಎರಡು ಪಕ್ಷಗಳೂ ತಮ್ಮ ತಮ್ಮ ಜಾಗದಲ್ಲಿ ನಿಂತುಕೊಂಡೇ ಒಂದು ಕೆಲಸಕ್ಕೆ ಕೈಹಾಕಿದ್ದು. ಪತ್ರಿಕೆಗಳು ಈ ಎರಡನ್ನೂ ಕಲಸಿಬಿಡುತ್ತವೆ. ಲೂಗರ್ ಎಂದೂ ಪಕ್ಷಾತೀತರಾಗಿರಲಿಲ್ಲ.

ಅವರು ಅಪ್ಪಟ ಸಂಪ್ರದಾಯವಾದಿ. ರೇಗನ್ ಕಾಲದ ತೆರಿಗೆ ಕಡಿತವನ್ನು ಬೆಂಬಲಿಸಿದರು. ಸೆನೆಟ್ ಚುನಾವಣೆಗಳಲ್ಲಿ ತಮ್ಮ ಪಕ್ಷವನ್ನು ಗೆಲ್ಲಿಸುವ ಸಮಿತಿಗೇ ಮುಖ್ಯಸ್ಥರಾಗಿದ್ದರು. 1999ರಲ್ಲಿ ಕ್ಲಿಂಟನ್ ಅವರನ್ನು ಅಧಿಕಾರದಿಂದ ಇಳಿಸಲು ಮತ ಹಾಕಿದರು, 2002ರಲ್ಲಿ ಇರಾಕ್ ಯುದ್ಧಕ್ಕೆ ಒಪ್ಪಿಗೆ ಕೊಟ್ಟರು, ಒಬಾಮ ಅವರ ಆರೋಗ್ಯ ಸುಧಾರಣಾ ಕಾಯ್ದೆಯನ್ನು ವಿರೋಧಿಸಿದರು. ಅವರು ಮತ ಹಾಕಿದ ಪಟ್ಟಿಯನ್ನು ಮಾತ್ರ ಕೈಗೆ ಕೊಟ್ಟರೆ ಇವರೇ ಆ ರಾಜಿಯ ಮನುಷ್ಯ ಎಂದು ಯಾರಿಗೂ ಅನಿಸಲಾರದು. ನನಗೆ ಅವರು ಮುಖ್ಯರಾಗುವುದು ಇದೇ ಕಾರಣಕ್ಕೆ. ನಿಲುವೇ ಇಲ್ಲದವನು ರಾಜಿ ಮಾಡಿಕೊಂಡರೆ ಅವನು ಕಳೆದುಕೊಳ್ಳುವುದು ಏನೂ ಇರುವುದಿಲ್ಲ.

## ದೊಡ್ಡ ಕೆಲಸಗಳು

ನನ್–ಲೂಗರ್ ಎನ್ನುತ್ತಾರಲ್ಲ, ಅದು ಏನು? ಶತ್ರುವಿಗೆ ದುಡ್ಡು ಕೊಟ್ಟರಂತೆ, ನಿಜವೇ?

ದುಡ್ಡು ಕೊಟ್ಟದ್ದು ನಿಜ. ಆದರೆ ಯಾವಾಗ, ಯಾವುದಕ್ಕೆ ಎನ್ನುವುದು ಮುಖ್ಯ.

1991ರ ಆಗಸ್ಟ್‌ನಲ್ಲಿ ಮಾಸ್ಕೋದಲ್ಲಿ ಗೋರ್ಬಚೆವ್ ವಿರುದ್ಧ ಕ್ಷಿಪ್ರಕ್ರಾಂತಿಯ ಯತ್ನ ನಡೆದು ವಿಫಲವಾಯಿತು. ಅದಾದ ಕೂಡಲೇ ಜಾರ್ಜಿಯಾ ರಾಜ್ಯದ ಡೆಮಾಕ್ರಟ್ ಸೆನೆಟರ್ ಸ್ಯಾಮ್ ನನ್ ಅಲ್ಲಿಗೆ ಹೋಗಿ ಗೋರ್ಬಚೆವ್ ಅವರನ್ನು ಕಂಡರು. ನನ್ ಆಗ ಸೆನೆಟ್‌ನ ಸಶಸ್ತ್ರ ಪಡೆಗಳ ಸಮಿತಿಯ ಅಧ್ಯಕ್ಷರು. ಒಡೆದುಹೋಗುತ್ತಿರುವ ಒಂದು ಬೃಹತ್ ದೇಶದಲ್ಲಿ ಸಾವಿರಾರು ಅಣ್ವಸ್ತ್ರಗಳಿವೆ, ಅವನ್ನು ಕಾಯುವ ಸೈನಿಕರಿಗೆ ಸಂಬಳದ ಭರವಸೆಯಿಲ್ಲ, ನಾಳೆ ಯಾವ ದೇಶದ ಬಾವುಟದ ಕೆಳಗೆ ನಿಲ್ಲುತ್ತೇವೆ ಎಂಬುದೂ ಅವರಿಗೆ ಗೊತ್ತಿಲ್ಲ. ಈ ಆತಂಕವನ್ನು ಹೊತ್ತು ನನ್ ವಾಷಿಂಗ್ಟನ್‌ಗೆ ಮರಳಿದರು.

ಜನಪ್ರತಿನಿಧಿ ಸಭೆಯ ಲೆಸ್ ಆಸ್ಪಿನ್ ಜೊತೆ ಸೇರಿ ಅವರು ಮೊದಲು ಮುಂದಿಟ್ಟದ್ದು 100 ಕೋಟಿ ಡಾಲರ್ ನೆರವಿನ ಪ್ರಸ್ತಾಪ. ಅದು ಮಣ್ಣು ಮುಕ್ಕಿತು. ನವೆಂಬರ್ ಆರಂಭದಲ್ಲಿ ಪೆನ್ಸಿಲ್ವೇನಿಯಾದ ಉಪಚುನಾವಣೆಯ ಫಲಿತಾಂಶ ಬಂದಿತ್ತು. ಮತದಾರರು ಮನೆಯ ಕಷ್ಟ ನೋಡಿ ಎನ್ನುತ್ತಿದ್ದರು, ರಷ್ಯಾಗೆ ಹಣ ಕೊಡುವ ಮಸೂದೆಯ ಹತ್ತಿರ ಸುಳಿಯಲೂ ಸದಸ್ಯರು ಹೆದರುತ್ತಿದ್ದರು. ನನ್ ಮತ್ತು ಆಸ್ಪಿನ್ ಪ್ರಸ್ತಾಪವನ್ನು ಹಿಂದಕ್ಕೆ ಪಡೆದರು.

ಲೂಗರ್ ಕೈಜೋಡಿಸಿದ್ದು ಈಗ. ಇಬ್ಬರೂ ಎರಡೂ ಪಕ್ಷಗಳ ಸೆನೆಟರ್‌ಗಳನ್ನು ಒಂದು ಬೆಳಗಿನ ಉಪಾಹಾರಕ್ಕೆ ಕರೆದರು. ಮುಂದೆ ರಕ್ಷಣಾ ಕಾರ್ಯದರ್ಶಿಯಾದ ಆಶ್ಟನ್ ಕಾರ್ಟರ್ ಆಗ ಹಾರ್ವರ್ಡ್‌ನಲ್ಲಿದ್ದರು. ಅಪಾಯ ಎಲ್ಲಿ, ಎಷ್ಟು, ಹೇಗೆ ಎಂದು ಅವರು ಆ ಮೇಜಿನ ಮುಂದೆ ಬಿಡಿಸಿ ಹೇಳಿದರು. ಪತ್ರಕರ್ತರಿಲ್ಲ, ಕ್ಯಾಮೆರಾ ಇಲ್ಲ. ಕೆಲವೇ ದಿನಗಳಲ್ಲಿ, ನವೆಂಬರ್ 25ರಂದು, ಸೆನೆಟ್ ಮಸೂದೆಯನ್ನು 86–8 ಮತಗಳಿಂದ ಅಂಗೀಕರಿಸಿತು. ಹಿರಿಯ ಬುಷ್ ಡಿಸೆಂಬರ್ 12ರಂದು ಸಹಿ ಹಾಕಿದರು. ಅದೇ ತಿಂಗಳ ಕೊನೆಯಲ್ಲಿ ಸೋವಿಯತ್ ಒಕ್ಕೂಟವೇ ಇರಲಿಲ್ಲ.

ಅಸ್ತ್ರಗಳನ್ನು ಕಳಚಲು, ಸಾಗಿಸಲು, ಭದ್ರವಾಗಿಡಲು ಕೊಟ್ಟದ್ದು 40 ಕೋಟಿ ಡಾಲರ್. ಅದನ್ನು ಅಮೆರಿಕದ ರಕ್ಷಣಾ ಬಜೆಟ್ಟಿನಿಂದಲೇ ತೆಗೆದರು. ಈ ಅಂಶ ಬಹಳ ಜಾಣತನದ್ದು. ‘ಇದು ದಾನವಲ್ಲ, ನಮ್ಮ ರಕ್ಷಣೆಯ ಖರ್ಚು’ ಎಂಬ ವಾದ ಹಣದ ಮೂಲದಲ್ಲೇ ಅಡಗಿತ್ತು.

ಅಷ್ಟು ಹಣದಿಂದ ನೆಲದ ಮೇಲೆ ಏನಾಯಿತು?

ಸೋವಿಯತ್ ಒಕ್ಕೂಟದಿಂದ ಬೇರೆಯಾದ ಉಕ್ರೇನ್, ಬೆಲಾರುಸ್, ಕಝಾಕ್‌ಸ್ತಾನ್ ಮೂರೂ 1996ರ ಹೊತ್ತಿಗೆ ಅಣ್ವಸ್ತ್ರ ಮುಕ್ತವಾದವು. ಕ್ಷಿಪಣಿಗಳನ್ನು ಕತ್ತರಿಸಿದರು, ಜಲಾಂತರ್ಗಾಮಿಗಳನ್ನು ಬಿಚ್ಚಿದರು, ಕ್ಷಿಪಣಿಗಳನ್ನು ಇಟ್ಟಿದ್ದ ನೆಲದಾಳದ ಬಾವಿಗಳನ್ನು ಸ್ಫೋಟಿಸಿ ಮುಚ್ಚಿದರು. 1994ರಲ್ಲಿ ಕಝಾಕ್‌ಸ್ತಾನದ ಒಂದು ಕಾರ್ಖಾನೆಯಿಂದ ಸುಮಾರು 600 ಕಿಲೋ ಅತಿ ಸಂವರ್ಧಿತ ಯುರೇನಿಯಂ ಅನ್ನು ಗುಟ್ಟಾಗಿ ವಿಮಾನಗಳಲ್ಲಿ ಅಮೆರಿಕಕ್ಕೆ ಸಾಗಿಸಿದರು. ಹತ್ತಾರು ಬಾಂಬುಗಳಿಗೆ ಸಾಲುವಷ್ಟು ಸರಕು ಅದು.

ಅಂಕಿಗಳಿಗಿಂತ ನನ್ನ ಕಣ್ಣಿಗೆ ಕಟ್ಟಿದ್ದು ಒಂದು ಛಾಯಾಚಿತ್ರ. ರಷ್ಯಾದ ಕುರ್ಗಾನ್ ಪ್ರಾಂತ್ಯದ ಶೂಚಿಯೆ ಎಂಬ ಊರಿನ ಉಗ್ರಾಣದಲ್ಲಿ ನರಗಳನ್ನು ಸ್ತಬ್ಧಗೊಳಿಸುವ ವಿಷ ತುಂಬಿದ ಸುಮಾರು 19 ಲಕ್ಷ ಶೆಲ್‌ಗಳಿದ್ದವು. ಬಾಟಲಿಗಳನ್ನು ಜೋಡಿಸಿದ ಹಾಗೆ ಕಪಾಟುಗಳಲ್ಲಿ ಸಾಲು ಸಾಲಾಗಿ ಇಟ್ಟಿದ್ದರು. ಅಲ್ಲಿಗೆ ಹೋದ ಲೂಗರ್ ಒಂದು 85 ಮಿ.ಮೀ. ಶೆಲ್ಲನ್ನು ಸಾಮಾನ್ಯ ಬ್ರೀಫ್‌ಕೇಸಿನಲ್ಲಿ ಇಟ್ಟು ತೋರಿಸಿದರು. ಸಲೀಸಾಗಿ ಹಿಡಿಸಿತು. ಕಚೇರಿಗೆ ಹೋಗುವವನು ಊಟದ ಡಬ್ಬಿ ಒಯ್ಯುವಂತೆ ಯಾರಾದರೂ ಅದನ್ನು ಹೊತ್ತು ನಡೆಯಬಹುದಿತ್ತು. ಆ ಚಿತ್ರವನ್ನು ನೋಡಿದವರಿಗೆ ಈ ಕಾನೂನು ಏಕೆ ಬೇಕು ಎಂದು ಮತ್ತೆ ವಿವರಿಸಬೇಕಾಗಿರಲಿಲ್ಲ. 2009ರಲ್ಲಿ ಅಲ್ಲೇ ಆ ಶೆಲ್‌ಗಳನ್ನು ನಾಶಮಾಡುವ ಸ್ಥಾವರ ತೆರೆಯಿತು.

ಕಾನೂನು ಪಾಸಾದ ಮೇಲೆ ಹೆಚ್ಚಿನ ಶಾಸಕರು ಮುಂದಿನ ಸುದ್ದಿಯತ್ತ ಹೊರಳುತ್ತಾರೆ. ಲೂಗರ್ ಇಪ್ಪತ್ತು ವರ್ಷ ಅಲ್ಲಿಗೆ ಹೋಗುತ್ತಲೇ ಇದ್ದರು. ಎಷ್ಟು ಸಿಡಿತಲೆ, ಎಷ್ಟು ಕ್ಷಿಪಣಿ, ಎಷ್ಟು ಬಾವಿ ಎಂದು ಅವರ ಕಚೇರಿ ಲೆಕ್ಕಪಟ್ಟಿಯನ್ನು ಆಗಾಗ ಹೊರಡಿಸುತ್ತಿತ್ತು.

ತಮ್ಮದೇ ಪಕ್ಷದ ಅಧ್ಯಕ್ಷರ ವಿರುದ್ಧ ನಿಂತಿದ್ದರೇ?

ನಿಂತಿದ್ದರು. 1986 ಒಂದೇ ವರ್ಷದಲ್ಲಿ ಎರಡು ಸಲ.

ಮೊದಲನೆಯದು ಫಿಲಿಪೈನ್ಸ್. ಫೆಬ್ರವರಿ 7ರಂದು ಅಲ್ಲಿನ ಸರ್ವಾಧಿಕಾರಿ ಮಾರ್ಕೋಸ್ ಮತ್ತು ಅವರ ಎದುರಾಳಿ ಕೊರಜಾನ್ ಅಕ್ವಿನೊ ನಡುವಿನ ಚುನಾವಣೆಗೆ ಅಮೆರಿಕದ ವೀಕ್ಷಕರ ತಂಡವನ್ನು ಲೂಗರ್ ಮತ್ತು ಡೆಮಾಕ್ರಟ್ ಪಕ್ಷದ ಜಾನ್ ಮರ್ಥಾ ಜೊತೆಯಾಗಿ ಮುನ್ನಡೆಸಿದರು. ಮತ ಎಣಿಕೆಯ ಕಂಪ್ಯೂಟರ್ ಸಿಬ್ಬಂದಿ ಅಂಕಿಗಳನ್ನು ತಿರುಚಲಾಗುತ್ತಿದೆ ಎಂದು ಕೆಲಸ ಬಿಟ್ಟು ಎದ್ದು ಹೊರಬಂದರು. ಎರಡೂ ಕಡೆ ಅಕ್ರಮ ನಡೆದಿರಬಹುದು ಎಂದು ರೇಗನ್ ತೇಲಿಸಿ ಮಾತನಾಡಿದಾಗ, ಅಧ್ಯಕ್ಷರಿಗೆ ತಪ್ಪು ಮಾಹಿತಿ ಸಿಕ್ಕಿದೆ ಎಂದು ಲೂಗರ್ ಬಹಿರಂಗವಾಗಿಯೇ ಹೇಳಿದರು. ಅದೇ ತಿಂಗಳ 25ರಂದು ಮಾರ್ಕೋಸ್ ದೇಶ ಬಿಟ್ಟರು.

ಎರಡನೆಯದು ದಕ್ಷಿಣ ಆಫ್ರಿಕಾ. ಇಲ್ಲಿ ಕಥೆ ಅಷ್ಟು ನೇರವಲ್ಲ. 1985ರಲ್ಲಿ ಲೂಗರ್ ತಮ್ಮ ಅಧ್ಯಕ್ಷರ ಪರವೇ ಇದ್ದರು. ಆಗ ವರ್ಣಭೇದ ನೀತಿಗಾಗಿ ಆ ದೇಶದ ಮೇಲೆ ಆರ್ಥಿಕ ನಿರ್ಬಂಧ ಹೇರುವ ಮಸೂದೆ ಮತಕ್ಕೆ ಬಾರದಂತೆ ಅದರ ಅಧಿಕೃತ ಪ್ರತಿಯನ್ನು ಸಮಿತಿಯ ತಿಜೋರಿಯಲ್ಲಿಟ್ಟು ಬೀಗ ಹಾಕಿದ ತಂತ್ರದಲ್ಲಿ ಅವರೂ ಪಾಲುದಾರರು. ಒಂದು ವರ್ಷದಲ್ಲಿ ಅವರ ಮನಸ್ಸು ಬದಲಾಯಿತು. 1986ರಲ್ಲಿ ವರ್ಣಭೇದ ನೀತಿಯ ವಿರುದ್ಧದ ಸಮಗ್ರ ಕಾಯ್ದೆಯನ್ನು ಸಮಿತಿಯ ಅಧ್ಯಕ್ಷರಾಗಿ ತಾವೇ ಮುನ್ನಡೆಸಿದರು. ವಿಟೊ ಬೇಡವೆಂದು ರೇಗನ್ ಅವರನ್ನು ಕೇಳಿಕೊಂಡರು, ರೇಗನ್ ವಿಟೊ ಮಾಡಿದರು. ಅದನ್ನು ತಳ್ಳಿಹಾಕುವ ಮತದಾನದ ಹೊತ್ತಿಗೆ ದಕ್ಷಿಣ ಆಫ್ರಿಕಾದ ವಿದೇಶಾಂಗ ಸಚಿವ ಪಿಕ್ ಬೋಥಾ ಕೃಷಿ ರಾಜ್ಯಗಳ ಸೆನೆಟರ್‌ಗಳಿಗೆ ಫೋನ್ ಮಾಡಿ, ನಿಮ್ಮ ಧಾನ್ಯ ಕೊಳ್ಳುವುದಿಲ್ಲ ಎಂದು ಬೆದರಿಸಿದರು. ಇಂಡಿಯಾನಾ ಜೋಳ ಬೆಳೆಯುವ ರಾಜ್ಯ, ಲೂಗರ್ ಸ್ವತಃ ಜಮೀನಿದ್ದವರು. ಅವರು ಆ ಬೆದರಿಕೆಯನ್ನು ಸದನದಲ್ಲೇ ಬಯಲಿಗೆಳೆದು ಖಂಡಿಸಿದರು. ಅಕ್ಟೋಬರ್ 2ರಂದು 78–21 ಮತಗಳಿಂದ ವಿಟೊ ಬಿದ್ದುಹೋಯಿತು.

ಇದಕ್ಕೆ ಬೆಲೆಯೂ ತೆರಬೇಕಾಯಿತು. 1987ರಲ್ಲಿ ರಿಪಬ್ಲಿಕನ್ನರು ಅಲ್ಪಸಂಖ್ಯಾತರಾದಾಗ ಸೇವಾ ಹಿರಿತನದ ನೆಪದಲ್ಲಿ ಸಮಿತಿಯಲ್ಲಿ ಪಕ್ಷದ ಮೊದಲ ಸ್ಥಾನ ಇನ್ನೊಬ್ಬ ರಿಪಬ್ಲಿಕನ್ ಸೆನೆಟರ್ ಜೆಸ್ಸಿ ಹೆಲ್ಮ್ಸ್ ಪಾಲಾಯಿತು. ಸಮಿತಿಯ ಅಧ್ಯಕ್ಷತೆ ಲೂಗರ್ ಅವರಿಗೆ ಮರಳಿ ಸಿಕ್ಕಿದ್ದು 2003ರಲ್ಲಿ.

ಒಬಾಮ ಜೊತೆ ರಷ್ಯಾದಲ್ಲಿ ಸಿಕ್ಕಿಹಾಕಿಕೊಂಡಿದ್ದರಂತೆ?

2005ರ ಆಗಸ್ಟ್‌ನಲ್ಲಿ. ಒಬಾಮ ಆಗ ಸೆನೆಟ್‌ಗೆ ಬಂದು ಒಂದು ವರ್ಷವೂ ಆಗಿರಲಿಲ್ಲ, ಲೂಗರ್ ಸಮಿತಿಯ ಅಧ್ಯಕ್ಷರು. ಅಸ್ತ್ರ ನಾಶದ ಕೆಲಸ ನೋಡಲು ಹೋಗಿದ್ದ ಇಬ್ಬರನ್ನೂ ಪೆರ್ಮ್ ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ಸುಮಾರು ಮೂರು ಗಂಟೆ ತಡೆದಿಟ್ಟರು, ವಿಮಾನವನ್ನು ಶೋಧಿಸಬೇಕೆಂದು ಹಟ ಹಿಡಿದರು. ಕೊನೆಗೆ ಬಿಟ್ಟು ಕಳಿಸಿದರು. ಆ ಪ್ರವಾಸದಿಂದ ಹುಟ್ಟಿದ್ದು ಭುಜದ ಮೇಲಿಟ್ಟು ಹಾರಿಸುವ ಕ್ಷಿಪಣಿಗಳಂಥ ಸಾಂಪ್ರದಾಯಿಕ ಅಸ್ತ್ರಗಳನ್ನು ನಾಶಮಾಡಲು ನೆರವಾಗುವ ಲೂಗರ್–ಒಬಾಮ ಕಾಯ್ದೆ.

ಅಧ್ಯಕ್ಷ ಪದವಿಗೆ ಪ್ರಯತ್ನಿಸಲಿಲ್ಲವೇ?

1996ರಲ್ಲಿ ಪ್ರಯತ್ನಿಸಿದರು, ಬೇಗ ಹಿಂದೆ ಸರಿದರು. ಅಣ್ವಸ್ತ್ರ ಭಯೋತ್ಪಾದಕರ ಕೈಗೆ ಸಿಕ್ಕಿದರೆ ಏನಾದೀತು ಎಂದು ಪ್ರಚಾರದಲ್ಲಿ ಎಚ್ಚರಿಸಿದಾಗ ಜನ ಅತಿರೇಕವೆಂದುಕೊಂಡರು. 2001ರ ಸೆಪ್ಟೆಂಬರ್ ದಾಳಿ ಇನ್ನೂ ಐದು ವರ್ಷ ದೂರವಿತ್ತು.

## ವಿಷಯ ಬಲ್ಲವರ ಪ್ರಶ್ನೆಗಳು

ಭಾರತ–ಅಮೆರಿಕ ಅಣು ಒಪ್ಪಂದದಲ್ಲಿ ಅವರು ನಮ್ಮ ಪರವಿದ್ದರೇ, ವಿರುದ್ಧವಿದ್ದರೇ?

ಪರವಿದ್ದರು, ಆದರೆ ಕಣ್ಣುಮುಚ್ಚಿ ಅಲ್ಲ. 2005ರ ಜುಲೈನಲ್ಲಿ ಮನಮೋಹನ್ ಸಿಂಗ್ ಮತ್ತು ಕಿರಿಯ ಬುಷ್ ಜಂಟಿ ಹೇಳಿಕೆ ಹೊರಡಿಸಿದ ಮೇಲೆ, ಅಮೆರಿಕದ ಕಾನೂನನ್ನು ಬದಲಿಸುವ ಕರಡನ್ನು ಬುಷ್ ಆಡಳಿತ ಸಂಸತ್ತಿಗೆ ಕಳಿಸಿತು. ಅದರ ಪ್ರಕಾರ ಅಂತಿಮ ಒಪ್ಪಂದದ ಮೇಲೆ ಸಂಸತ್ತಿಗೆ ಹೆಚ್ಚಿನ ಹಿಡಿತ ಇರುತ್ತಿರಲಿಲ್ಲ. ತಮ್ಮದೇ ಪಕ್ಷದ ಸರ್ಕಾರ ಕಳಿಸಿದ ಆ ಕರಡನ್ನು ಲೂಗರ್ ಹಾಗೆಯೇ ಒಪ್ಪಲಿಲ್ಲ. ಸಮಿತಿಯ ಹಿರಿಯ ಡೆಮಾಕ್ರಟ್ ಆಗಿದ್ದ ಜೋ ಬೈಡನ್ ಜೊತೆ ಕುಳಿತು ಬೇರೆ ಮಸೂದೆ ಸಿದ್ಧಪಡಿಸಿದರು. ಒಪ್ಪಂದ ಪೂರ್ಣಗೊಂಡ ಮೇಲೆ ಮತ್ತೆ ಸಂಸತ್ತಿನ ಮುಂದೆ ಬಂದು ಮತ ಪಡೆಯಬೇಕು ಎಂಬ ಅಂಶ ಉಳಿಯಿತು. 2006ರ ನವೆಂಬರ್‌ನಲ್ಲಿ ಸೆನೆಟ್ ಅದನ್ನು 85–12ರಿಂದ ಅಂಗೀಕರಿಸಿತು. ಅದೇ ಮುಂದೆ ಹೈಡ್ ಕಾಯ್ದೆಯಾಯಿತು. 2008ರ ಅಕ್ಟೋಬರ್ 1ರಂದು ಅಂತಿಮ ಒಪ್ಪಂದಕ್ಕೆ 86–13 ಮತ ಬಿತ್ತು.

ನಮ್ಮಲ್ಲಿ ಅದೇ ವಿಷಯ ಏನಾಯಿತು ಎಂಬುದು ನೆನಪಿರಬಹುದು. ಎಡಪಕ್ಷಗಳು ಬೆಂಬಲ ಹಿಂತೆಗೆದವು, 2008ರ ಜುಲೈ 22ರಂದು ಸರ್ಕಾರ 275–256ರಿಂದ ವಿಶ್ವಾಸಮತ ಗೆದ್ದು ಉಳಿಯಿತು. ಒಪ್ಪಂದದ ಭಾಗವಾಗಿ ಭಾರತ 14 ರಿಯಾಕ್ಟರ್‌ಗಳನ್ನು ಅಂತರರಾಷ್ಟ್ರೀಯ ತಪಾಸಣೆಗೆ ಒಳಪಡಿಸಲು ಒಪ್ಪಿತು, 8 ರಿಯಾಕ್ಟರ್‌ಗಳು ಹೊರಗುಳಿದವು. ಆ ಎಂಟರಲ್ಲಿ ನಾಲ್ಕು ಉತ್ತರ ಕನ್ನಡದ ಕೈಗಾದಲ್ಲಿವೆ.

ಅಷ್ಟು ಗೌರವವಿದ್ದವರು 2012ರಲ್ಲಿ ತಮ್ಮ ಪಕ್ಷದವರಿಂದಲೇ ಸೋತದ್ದೇಕೆ?

2006ರಲ್ಲಿ ಅವರ ಎದುರು ಡೆಮಾಕ್ರಟರು ಅಭ್ಯರ್ಥಿಯನ್ನೇ ನಿಲ್ಲಿಸಿರಲಿಲ್ಲ. ಶೇ 87ರಷ್ಟು ಮತ ಬಂದಿತ್ತು. ಆರೇ ವರ್ಷದಲ್ಲಿ ಪಕ್ಷದ ಒಳಚುನಾವಣೆಯಲ್ಲಿ ರಾಜ್ಯದ ಖಜಾಂಚಿ ರಿಚರ್ಡ್ ಮರ್ಡಾಕ್ ಎದುರು ಸುಮಾರು 60–40ರ ಅಂತರದಲ್ಲಿ ಸೋತರು. ವಯಸ್ಸು ಎಂಬತ್ತು.

ರಷ್ಯಾ ಜೊತೆ ಅಣ್ವಸ್ತ್ರಗಳನ್ನು ಕಡಿಮೆ ಮಾಡುವ ‘ಹೊಸ ಸ್ಟಾರ್ಟ್’ ಒಪ್ಪಂದವನ್ನು 2010ರಲ್ಲಿ 71–26ರಿಂದ ಗೆಲ್ಲಿಸಲು ದುಡಿದದ್ದು, ಒಬಾಮ ಸೂಚಿಸಿದ ಇಬ್ಬರು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಿಗೆ ಮತ ಹಾಕಿದ್ದು, ವಲಸಿಗರ ಮಕ್ಕಳಿಗೆ ಪೌರತ್ವದ ದಾರಿ ತೆರೆಯುವ ಮಸೂದೆಯನ್ನು ಬೆಂಬಲಿಸಿದ್ದು, ಇವೆಲ್ಲ ರಿಪಬ್ಲಿಕನ್ ಪಕ್ಷದೊಳಗಿನ ಕಟ್ಟಾ ಬಲಪಂಥೀಯ ಟೀ ಪಾರ್ಟಿ ಚಳವಳಿಯ ಕಣ್ಣಿಗೆ ದ್ರೋಹವಾಗಿ ಕಂಡವು.

ಆದರೆ ಸೋಲನ್ನೆಲ್ಲ ಕಾಲದ ತಲೆಗೆ ಕಟ್ಟುವುದು ಸರಿಯಲ್ಲ. ಲೂಗರ್ 1977ರಲ್ಲೇ ಇಂಡಿಯಾನಾದ ಮನೆ ಮಾರಿ ರಾಜಧಾನಿಯ ಬಳಿ ನೆಲೆಸಿದ್ದರು. ಮತದಾರರ ಪಟ್ಟಿಯಲ್ಲಿ ಮಾತ್ರ ಆ ಮಾರಿದ ಮನೆಯ ವಿಳಾಸವೇ ಇತ್ತು. ಅದು ಚುನಾವಣೆಯ ವರ್ಷದಲ್ಲಿ ಹೊರಬಿದ್ದಾಗ ‘ಇವರು ನಮ್ಮೂರವರೇ ಅಲ್ಲ’ ಎಂಬ ಮಾತು ಮನೆಮನೆಗೂ ಹಬ್ಬಿತು. ದೂರದ ಸೈಬೀರಿಯಾದ ಉಗ್ರಾಣಗಳನ್ನು ಅಷ್ಟು ಶ್ರದ್ಧೆಯಿಂದ ಎಣಿಸಿದವರು ತಮ್ಮ ಮತದಾರರ ಅಂಗಳವನ್ನು ಮರೆತದ್ದು ನನಗೆ ಇಂದಿಗೂ ನೋವಿನ ಸಂಗತಿ.

ಸೋತ ರಾತ್ರಿ ಅವರು ಮರ್ಡಾಕ್ ಗೆಲ್ಲಲಿ ಎಂದು ಹಾರೈಸಿದರು. ಜೊತೆಗೇ, ಎದುರು ಪಕ್ಷದೊಂದಿಗೆ ಕೆಲಸವನ್ನೇ ಮಾಡುವುದಿಲ್ಲ ಎಂಬ ಹಟದಿಂದ ಆಡಳಿತ ನಡೆಯಲಾರದು ಎಂದು ಲಿಖಿತವಾಗಿ ಎಚ್ಚರಿಸಿದರು. ನವೆಂಬರ್‌ನಲ್ಲಿ ಆ ಸ್ಥಾನ ಡೆಮಾಕ್ರಟ್ ಜೋ ಡಾನೆಲಿ ಪಾಲಾಯಿತು.

ಉಭಯಪಕ್ಷೀಯತೆಯನ್ನು ಅಂಕ ಹಾಕಿ ಅಳೆಯಬಹುದೇ?

ಲೂಗರ್ ನಿವೃತ್ತರಾದ ಮೇಲೆ ಕಟ್ಟಿದ ಲೂಗರ್ ಕೇಂದ್ರವು ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಜೊತೆ ಸೇರಿ ಅಂಥ ಸೂಚ್ಯಂಕವನ್ನು ಪ್ರಕಟಿಸುತ್ತದೆ. ಅದು ಭಾಷಣಗಳನ್ನು ನೋಡುವುದಿಲ್ಲ. ನೀವು ತಂದ ಮಸೂದೆಗೆ ಎದುರು ಪಕ್ಷದ ಎಷ್ಟು ಜನ ಸಹಿ ಹಾಕಿದರು, ಅವರು ತಂದ ಮಸೂದೆಗೆ ನೀವು ಎಷ್ಟು ಸಲ ಸಹಿ ಹಾಕಿದಿರಿ, ಇಷ್ಟೇ. ಎರಡನೆಯ ಪ್ರಶ್ನೆ ಹೆಚ್ಚು ಕಠಿಣ ಎಂದು ನನಗೆ ಅನಿಸುತ್ತದೆ. ನನ್ನ ಕೆಲಸಕ್ಕೆ ಬಾ ಎಂದು ಕರೆಯುವುದು ಸುಲಭ, ಇನ್ನೊಬ್ಬರ ಹೆಸರಿನ ಕೆಲಸಕ್ಕೆ ಹೆಗಲು ಕೊಡುವುದು ಕಷ್ಟ.

ನಮ್ಮ ಸಂಸದರು, ಶಾಸಕರು ಹೀಗೆ ಮಾಡಬಾರದೇಕೆ?

ಬರೀ ಮನಸ್ಸಿದ್ದರೆ ಸಾಲದು, ವ್ಯವಸ್ಥೆಯೂ ಬೇರೆ. ಅಮೆರಿಕದಲ್ಲಿ ಸೆನೆಟರ್ ತನ್ನ ಪಕ್ಷದ ವಿರುದ್ಧ ಮತ ಹಾಕಿದರೆ ಸ್ಥಾನ ಹೋಗುವುದಿಲ್ಲ. ಜೊತೆಗೆ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಮೂರನೇ ಎರಡರಷ್ಟು ಮತ ಬೇಕು. ಒಂದೇ ಪಕ್ಷದಿಂದ ಅದು ಆಗದ ಮಾತು. ನಮ್ಮಲ್ಲಿ 1985ರಿಂದ ಸಂವಿಧಾನದ ಹತ್ತನೇ ಅನುಸೂಚಿ ಇದೆ. ವಿಪ್ ಮೀರಿ ಮತ ಹಾಕಿದವರು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. ಖಾಸಗಿ ಸದಸ್ಯರು ಮಂಡಿಸಿದ ಮಸೂದೆ ಸಂಸತ್ತಿನಲ್ಲಿ ಕಾನೂನಾದದ್ದು 1970ರಲ್ಲಿ ಕೊನೆ. ಆದರೆ ಸ್ಥಾಯಿ ಸಮಿತಿಗಳಲ್ಲಿ ವಿಪ್ ಇಲ್ಲ, ಕ್ಯಾಮೆರಾವೂ ಇಲ್ಲ. ಆ ಉಪಾಹಾರದ ಮೇಜಿನಂಥ ಜಾಗ ನಮ್ಮಲ್ಲಿ ಉಳಿದಿರುವುದು ಅಲ್ಲಿ. ಅದಕ್ಕೇ ಮಸೂದೆಗಳನ್ನು ಸಮಿತಿಗೆ ಕಳಿಸದೆ ಅವಸರದಲ್ಲಿ ಪಾಸು ಮಾಡಿದಾಗಲೆಲ್ಲ ನನಗೆ ಕಳವಳವಾಗುತ್ತದೆ.

ಉಕ್ರೇನ್ ಅಣ್ವಸ್ತ್ರ ಬಿಟ್ಟುಕೊಡದಿದ್ದರೆ ರಷ್ಯಾ ಮೇಲೆ ಬೀಳುತ್ತಿರಲಿಲ್ಲ. ಹಾಗಾದರೆ ಲೂಗರ್ ಮಾಡಿದ್ದು ತಪ್ಪಲ್ಲವೇ?

2022ರ ನಂತರ ನನಗೆ ಅತಿ ಹೆಚ್ಚು ಬಂದ ಪ್ರಶ್ನೆ ಇದು, ತುಂಬ ಸಿಟ್ಟಿನಿಂದ ಕೇಳಿದ್ದೂ ಇದನ್ನೇ. ಆ ಸಿಟ್ಟು ನನಗೆ ಅರ್ಥವಾಗುತ್ತದೆ. 1994ರ ಡಿಸೆಂಬರ್ 5ರಂದು ಬುಡಾಪೆಸ್ಟ್‌ನಲ್ಲಿ ಉಕ್ರೇನಿನ ಗಡಿಗಳನ್ನು ಗೌರವಿಸುತ್ತೇವೆ ಎಂದು ರಷ್ಯಾ, ಅಮೆರಿಕ, ಬ್ರಿಟನ್ ಸಹಿ ಹಾಕಿದ್ದವು. ರಷ್ಯಾ ಆ ಮಾತನ್ನು ಮುರಿಯಿತು.

ಆದರೆ 1991ರ ಉಕ್ರೇನಿನಲ್ಲಿ ನಿಂತು ನೋಡಬೇಕು. ಸಿಡಿತಲೆಗಳು ಆ ನೆಲದ ಮೇಲಿದ್ದವು, ಅವನ್ನು ಹಾರಿಸುವ ಸಂಕೇತಗಳು ಮಾಸ್ಕೋದ ಕೈಯಲ್ಲಿದ್ದವು. ಅವನ್ನು ತನ್ನದಾಗಿಸಿಕೊಂಡು ಕಾಪಾಡಲು ಬೇಕಾದ ಹಣ ಆ ಹೊಸ ದೇಶದ ಹತ್ತಿರ ಇರಲಿಲ್ಲ. ಇಟ್ಟುಕೊಂಡಿದ್ದರೆ ಪಶ್ಚಿಮವೂ ರಷ್ಯಾವೂ ಎರಡೂ ಕಡೆಯಿಂದ ಅದನ್ನು ಒಂಟಿಯಾಗಿಸುತ್ತಿದ್ದವು. ನನ್–ಲೂಗರ್ ಹಣ ಕ್ಷಿಪಣಿಗಳನ್ನು ಕಳಚಲು ಹೋಯಿತು. ಗಡಿಯ ಭರವಸೆಯನ್ನು ಅಷ್ಟು ಸಡಿಲ ಪದಗಳಲ್ಲಿ ಬರೆದದ್ದು ಬೇರೆ ಮೇಜಿನ ಮೇಲೆ, ಬೇರೆಯವರು. ತಪ್ಪು ಹುಡುಕುವವರು ಆ ಕಾಗದದಲ್ಲಿ ಹುಡುಕಬೇಕು ಎಂಬುದು ನನ್ನ ನಿಲುವು.

1996ರ ಜೂನ್‌ನಲ್ಲಿ ಅಮೆರಿಕ, ರಷ್ಯಾ, ಉಕ್ರೇನ್ ಮೂರೂ ದೇಶಗಳ ರಕ್ಷಣಾ ಮಂತ್ರಿಗಳು ಉಕ್ರೇನಿನ ಪರ್ವೋಮೈಸ್ಕ್‌ನಲ್ಲಿ ಸೇರಿದರು. ಅಮೆರಿಕದ ನಗರಗಳತ್ತ ಗುರಿಯಿಟ್ಟ ಕ್ಷಿಪಣಿಗಳನ್ನು ಅಲ್ಲಿ ಇಟ್ಟಿದ್ದರು. ಬಾವಿಯನ್ನು ಮುಚ್ಚಿದ ಜಾಗದಲ್ಲಿ ಮೂವರೂ ಸೂರ್ಯಕಾಂತಿ ಸಸಿ ನೆಟ್ಟರು.